ಹೊಳೆ ದಂಡೆಯ ಊರಿಗೆ ಬೀಗರು ಬಂದರು

ಮನೆ ಹರಿಹರದಲ್ಲಿ ಅಂದರೆ ಸಾಕು, ಬೆಂಗಳೂರಿನವರು ಹೇಳೋದು ಒಂದೇ ಮಾತು. ‘ಹೊಳೆ ಪಕ್ಕದಲ್ಲೇ ಇದ್ದೀರಿ, ನಿಮಗೇನ್ರೀ ನೀರಿಗೆ ಬರ!’ ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರಿ ನಮ್ಮೂರ ಬದಿಗೇ ಹರಿದು ಬರೋದು ನಿಜ. ಆದರೆ ಹೊಳೆಗೂ ನಮ್ಮ ಮನೆ ನಲ್ಲಿಗೂ ಮಾತುಕತೆ ಅಷ್ಟಕ್ಕಷ್ಟೇ. ನಲ್ಲಿ ತನಗೆ ಮನಸ್ಸು ಬಂದಾಗ ಬರುತ್ತದೆ, ಅದೂ ಎಲ್ಲರೂ ಗೊರಕೆ ಹೊಡೆಯುವ ಹೊತ್ತು ನೋಡಿಕೊಂಡು. ಬಂದಾಗ ಕೊಡ, ಬಕೆಟ್, ಡ್ರಮ್ಮು, ಕೊನೆಗೆ ಇಡ್ಲಿ ಪಾತ್ರೆ ಕೂಡ ತುಂಬಿಸಿಡಬೇಕು.

ತಂಗಿಯ ಅತ್ತೆ, ಮಾವ ಮೊಮ್ಮಗಳನ್ನು ಕರೆದುಕೊಂಡು ಬಂದಾಗ ಇದನ್ನು ಹೇಳೋದು ಹೇಗೆ? ‘ಬೀಗರ ಮುಂದೆ ನೀರಿನ ಲೆಕ್ಕ ತೆಗೀಬೇಡ’ ಅಂತ ಅಮ್ಮ ಕಣ್ಣು ಬಿಟ್ಟಳು. ಬೀಗರು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಒಳಗಿಂದ ‘ಗಂಗೇ ಚ ಯಮುನೇ ಚೈವ’ ಕೇಳಿಸಿತು, ಜತೆಗೆ ಧೋ ಅಂತ ನೀರು. ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು ಎಲ್ಲ ಮುಗಿದು ಕಾವೇರಿ ಹತ್ತಿರ ಬರುವಷ್ಟರಲ್ಲಿ ಸದ್ದು ನಿಂತಿತು. ಆ ಶ್ಲೋಕದಲ್ಲಿ ತುಂಗಭದ್ರೆಯ ಹೆಸರೇ ಇಲ್ಲ. ಅದಕ್ಕೇ ಸಿಟ್ಟು ಬಂತೋ ಏನೋ!

‘ನೀರೂ...’ ಅಂತ ಒಳಗಿಂದ ದನಿ. ಬಾಗಿಲ ಸಂದಿಯಲ್ಲಿ ನೊರೆ ತುಂಬಿದ ತಲೆ, ಒಂದೇ ಕಣ್ಣು. ನಾನು ಕೊಡ ಹಿಡಿದು ಪಕ್ಕದ ಮನೆಗೆ ಓಡಿದೆ. ಅಲ್ಲಿನ ಅಜ್ಜಿ ಕೊಡ ತುಂಬಿಸುತ್ತಾ, ‘ಹೊಳಿಗೇ ಕರ್ಕೊಂಡು ಹೋಗಬಾರದೇನೋ, ಪುಣ್ಯಾನೂ ಬರ್ತಿತ್ತು’ ಅಂದಳು. ಬೇಸಿಗೆಯ ಹೊಳೆಯಲ್ಲಿ ಪುಣ್ಯ ಪಾದದ ಮಟ್ಟಕ್ಕಷ್ಟೇ ಸಿಗುತ್ತದೆ ಅಂತ ಅವಳಿಗೂ ಗೊತ್ತು.

ಊರು ತೋರಿಸುವ ಹೊಣೆ ನಮ್ಮ ದೊಡ್ಡಪ್ಪನದು. ಯಾರೂ ಕೊಟ್ಟಿದ್ದಲ್ಲ, ಅವರೇ ತಗೊಂಡಿದ್ದು. ಸೇತುವೆ ಕಂಡ ಕೂಡಲೇ, ‘1956ರ ತನಕ ಹೊಳೆ ಈಚೆಗೆ ಮೈಸೂರು, ಆಚೆಗೆ ಬೊಂಬಾಯಿ’ ಅಂದರು. ‘ಮುಂಬೈ ಇಷ್ಟು ಹತ್ರ ಇತ್ತಾ ತಾತಾ?’ ಅಂತ ಮೊಮ್ಮಗಳು ಬಾಯಿ ಬಿಟ್ಟಳು. ಈಗ ಆಚೆಗಿರೋದು ಹಾವೇರಿ ಜಿಲ್ಲೆ ಅಂತ ತಿಳಿದ ಮೇಲೆ ಅವಳಿಗೆ ಹೊಳೆಯ ಮೇಲಿನ ಆಸಕ್ತಿಯೇ ಹೋಯಿತು.

ಹರಿಹರೇಶ್ವರ ಗುಡಿಯಲ್ಲಿ ದೊಡ್ಡಪ್ಪನಿಗೆ ಹುರುಪು ಜಾಸ್ತಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು ಅಂದರು. ಗುಹಾಸುರನನ್ನು ಹರಿಯೊಬ್ಬನೇ ಆಗಲಿ, ಹರನೊಬ್ಬನೇ ಆಗಲಿ ಕೊಲ್ಲುವ ಹಾಗಿರಲಿಲ್ಲ, ಅದಕ್ಕೇ ಇಬ್ಬರೂ ಒಂದೇ ಮೈಯಾದರು ಅಂದರು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಗರ್ಭಗುಡಿಯ ಮುಂದೆ ನಿಂತು, ‘ಬಲಗಡೆ ಶಿವ, ಎಡಗಡೆ ವಿಷ್ಣು, ನೋಡ್ಕೊಳ್ಳಿ’ ಅಂದರು.

ಬೀಗರು ತಮ್ಮ ಬಲಕ್ಕೆ ನೋಡಿದರು. ಅಲ್ಲಿ ಚಕ್ರ. ‘ಶಿವನ ಕೈಯಲ್ಲಿ ಚಕ್ರ ಯಾಕ್ರೀ?’ ದೊಡ್ಡಪ್ಪ ಸೋಲುವ ಪೈಕಿ ಅಲ್ಲ. ‘ಒಂದೇ ಮೈ ಆದಮೇಲೆ ಅವರದು ಇವರು, ಇವರದು ಅವರು ಹಿಡ್ಕೋತಾರೆ’ ಅಂದುಬಿಟ್ಟರು. ಹಿಂದೆ ಸಾಲು ಬೆಳೆಯಿತು. ಯಾರೋ ಕೆಮ್ಮಿದರು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ, ‘ದೇವರ ಬಲಗಡೆ ರೀ, ನಿಮ್ಮ ಬಲಗಡೆ ಅಲ್ಲ’ ಅಂದರು.

ಅಂಗಳದ ಶಾಸನದ ಕಲ್ಲುಗಳ ಹತ್ತಿರ ಇನ್ನೊಂದು ಕಾದಿತ್ತು. ‘ಕನ್ನಡನೇ ಅಲ್ವಾ, ಓದಿ’ ಅಂದಳು ಮೊಮ್ಮಗಳು. ದೊಡ್ಡಪ್ಪ ಕನ್ನಡಕ ಏರಿಸಿ ಗಂಭೀರವಾಗಿ ‘ಸ್ವಸ್ತಿ ಶ್ರೀ...’ ಅಂದರು. ಮುಕ್ಕಾಲು ಪಾಲು ಶಾಸನಗಳಿಗೆ ಈ ಉಪಾಯ ನಡೆಯುತ್ತದೆ. ‘ಆದ್ರೆ ಮೊದಲನೇ ಅಕ್ಷರ “ನ” ಥರ ಇದೆಯಲ್ಲಾ?’ ‘ನಮಸ್ತುಂಗ’ ಅಂತ ಶುರುವಾಗುವ ಶಾಸನಗಳೂ ಬೇಕಾದಷ್ಟಿವೆ. ದೊಡ್ಡಪ್ಪ, ‘ಬಿಸಿಲು ಬಹಳ ಆಯ್ತು’ ಅಂತ ಮಂಟಪಕ್ಕೆ ನಡೆದರು. ಅಲ್ಲಿ ಕಡೆದು ನುಣುಪು ಮಾಡಿದ ಕಂಬಕ್ಕೆ ಬೆನ್ನು ಕೊಟ್ಟು ಬೀಗಿತ್ತಿ ಆಗಲೇ ಒಂದು ನಿದ್ದೆ ತೆಗೆದಿದ್ದರು. ಏಪ್ರಿಲ್ ಬಿಸಿಲಲ್ಲೂ ತಣ್ಣಗಿರುವ ಆ ಕಲ್ಲಿನ ಸುಖವನ್ನು ಸರಿಯಾಗಿ ಕಂಡವರು ಅವರೊಬ್ಬರೇ ಅಂತ ನನ್ನ ಅಭಿಪ್ರಾಯ.

ಏಳುತ್ತಿದ್ದಂತೆ ಅವರು ಕೇಳಿದ್ದು, ‘ಬೆಣ್ಣೆ ದೋಸೆ ಎಲ್ಲಿ ಸಿಗುತ್ತೆ?’ ಎಂಟು ನೂರು ವರ್ಷದ ಗುಡಿ ಇಟ್ಟುಕೊಂಡು ಏನು ಫಲ! ಸುಮ್ನೆ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆಗೆ ಗಾಡಿ ತಿರುಗಿಸಿದೆ. ಅಕ್ಕಿ, ಉದ್ದಿನ ಜತೆ ಮಂಡಕ್ಕಿಯನ್ನೂ ರುಬ್ಬಿದ ಹಿಟ್ಟು ಕಾವಲಿ ಮೇಲೆ ಚುಂಯ್ ಅಂದದ್ದೇ ತಡ, ಬೀಗರು ಗುಹಾಸುರನನ್ನೂ ಪೋಲಾಳ್ವನನ್ನೂ ಮರೆತರು. ಆದರೆ ಡಾಕ್ಟರು ಕೊಲೆಸ್ಟ್ರಾಲ್ ಅಂದಿದ್ದು ಮಾತ್ರ ಬೀಗಿತ್ತಿ ಮರೆತಿರಲಿಲ್ಲ. ಕೊನೆಗೆ ಇಬ್ಬರ ನಡುವೆ ಒಂದೇ ದೋಸೆ, ಅರ್ಧ ಅರ್ಧ ಅಂತ ತೀರ್ಮಾನವಾಯಿತು.

ತಟ್ಟೆ ಬಂತು. ಬೆಣ್ಣೆ ಮುದ್ದೆ ಪೂರ್ತಿ ಒಂದೇ ಬದಿಗೆ ಜಾರಿ ಕೂತಿತ್ತು.

‘ಬಲಗಡೇದು ನನಗೆ’ ಅಂದರು ಬೀಗರು.

‘ಯಾರ ಬಲಗಡೆ ರೀ?’ ಅಂತ ಬೀಗಿತ್ತಿ ತಟ್ಟೆ ತಿರುಗಿಸಿದರು.