ತಂಬಿಗೆಗೆ ಬಿದ್ದ ಗೀರು

ಶಿರಸಿ ಜಾತ್ರೆಯಲ್ಲಿ ಪಾತ್ರೆ ಅಂಗಡಿ ಮುಂದೆ ನಿಂತಿದ್ದೇ ತಪ್ಪಾಯಿತು.

ಮಾರಿಕಾಂಬೆ ಬಿಡ್ಕಿಬೈಲಿನ ಗದ್ದುಗೆಗೆ ಬಂದು ಕೂರುವುದು ಎರಡು ವರ್ಷಕ್ಕೊಮ್ಮೆ. ನಮ್ಮ ಮನೆಯ ಪಾತ್ರೆ ಖರೀದಿಯೂ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಆಯಿ ಒಂದು ದೊಡ್ಡ ಸ್ಟೀಲ್ ಪಾತ್ರೆ ಆರಿಸಿ, ಹೆಸರು ಹಾಕಿ ಕೊಡು ಎಂದಳು. ಅಂಗಡಿಯ ಹುಡುಗ ಪೆನ್ನಿನಂಥ ಮಶೀನು ಹಿಡಿದು, ಪಕ್ಕದ ಗಿರಾಕಿಯ ಹತ್ತಿರ ಚೌಕಾಶಿ ಮಾಡುತ್ತಲೇ ಝುಂಯ್ ಅನ್ನಿಸಿ ಬರೆದು ಕೊಟ್ಟ. ಮನೆಗೆ ಬಂದು ನೋಡಿದರೆ ನಾವು ಹೆಗಡೆ ಹೋಗಿ ಹಗಡೆ ಆಗಿದ್ದೆವು.

"ಇದಕ್ಕಿಂತ ನಾನೇ ಚಂದ ಬರೀತಿದ್ದೆ" ಎಂದೆ. ಸುಮ್ನೆ ಹೇಳಿದ ಮಾತು. ಅಲ್ಲಿಗೇ ಬಿಟ್ಟಿದ್ದರೆ ಭಟ್ಟರ ಪಂಚೆ, ಭಾವನ ಕಾರು, ಆಯಿಯ ತಂಬಿಗೆ ಮೂರೂ ಉಳಿಯುತ್ತಿದ್ದವು.

ಆ ಅಂಗಡಿಯ ಪೆನ್ನು ಲೋಹವನ್ನು ಕೊರೆಯುವುದಿಲ್ಲ, ಕುಟ್ಟುತ್ತದೆ. ಚುಕ್ಕಿ ಚುಕ್ಕಿ ಸೇರಿ ಅಕ್ಷರ ಆಗುತ್ತದೆ. ನಿಜವಾದ ಕೆತ್ತನೆ ಹಾಗಲ್ಲ. ಅಲ್ಲಿ ಉಳಿ ಲೋಹವನ್ನು ಕತ್ತರಿಸಿ ಎಬ್ಬಿಸಬೇಕು. ಹಿಂದೆಲ್ಲ ಅಂಗೈಯಿಂದ ಒತ್ತಿ, ಇಲ್ಲವೇ ಸಣ್ಣ ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ಈಗ ಗಾಳಿಯಿಂದ ನಡೆಯುವ ಉಳಿ ಬಂದಿದೆ. ಹಿಡಿಯೊಳಗೆ ಕಿರುಬೆರಳು ಗಾತ್ರದ ಪಿಸ್ಟನ್. ಅದು ಗಾಳಿಯ ಒತ್ತಡಕ್ಕೆ ನಿಮಿಷಕ್ಕೆ ಸಾವಿರಾರು ಸಲ ಉಳಿಯ ಬೆನ್ನಿಗೆ ಬಡಿಯುತ್ತದೆ. ಕೈ ದಾರಿ ತೋರಿಸಿದರೆ ಸಾಕು. ರಾತ್ರಿ ಮೊಬೈಲಿನಲ್ಲಿ ನೋಡಿದೆ. ಉಕ್ಕು, ಸೌತೆಕಾಯಿ ಸಿಪ್ಪೆ ತೆಗೆದ ಹಾಗೆ, ಸುರುಳಿ ಸುರುಳಿಯಾಗಿ ಎದ್ದು ಬರುತ್ತಿತ್ತು. ಹನ್ನೆರಡು ಗಂಟೆಯವರೆಗೆ ಅದನ್ನೇ ನೋಡಿದೆ. ಆಮೇಲೆ ಬೆಲೆ ನೋಡಿದೆ. ನಾವು ಯಾವುದರ ಬೆಲೆಯನ್ನೂ ಅಡಿಕೆಯ ಲೆಕ್ಕಕ್ಕೆ ತಂದೇ ಅಳೆಯುವುದು. ಇದು ಕ್ವಿಂಟಲ್‌ಗಟ್ಟಲೆ ಹೋಗುತ್ತಿತ್ತು. ಮೊಬೈಲ್ ಆಫ್ ಮಾಡಿ ಮಲಗಿದೆ. ನಿದ್ದೆ ಬರಲಿಲ್ಲ. ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿ, ಹಳೇ ಫ್ರಿಜ್ಜು ಇದ್ದದ್ದು ನೆನಪಾಯಿತು.

ಫ್ರಿಜ್ಜಿನ ಗ್ಯಾಸ್ ಸೋರಿ ಹೋಗಿ ವರ್ಷಗಳೇ ಆಗಿದ್ದವು. ಕಂಪ್ರೆಸರ್ ಮಾತ್ರ ಗಟ್ಟಿ ಇತ್ತು. ಕಪ್ಪು ಬಣ್ಣದ, ಕುಂಬಳಕಾಯಿಯಷ್ಟು ಗಾತ್ರದ ಆ ಡಬ್ಬಿಗೆ ಕರೆಂಟ್ ಕೊಟ್ಟರೆ ಒಂದು ಕೊಳವೆಯಿಂದ ಗಾಳಿ ಎಳೆದು ಇನ್ನೊಂದರಿಂದ ಬಿಡುತ್ತದೆ. ಶಬ್ದವೇ ಇಲ್ಲ. ಖರ್ಚೂ ಇಲ್ಲ. ನಾನು ಹಿಗ್ಗಿದೆ.

ಆದರೆ ಅದರ ಹೊಟ್ಟೆಯಲ್ಲಿ ಎಣ್ಣೆ ಇರುತ್ತದೆ. ಫ್ರಿಜ್ಜಿನಲ್ಲಿದ್ದಾಗ ಆ ಎಣ್ಣೆ ಗ್ಯಾಸಿನ ಜೊತೆ ಸುತ್ತು ಹೊಡೆದು ವಾಪಸ್ ಮನೆಗೆ ಬರುತ್ತದೆ. ಹೊರಗೆ ಬಿಚ್ಚಿಟ್ಟರೆ ಗಾಳಿಯ ಜೊತೆ ಹೋದದ್ದು ಹೋಯಿತೇ. ಎಲ್ಲಿಗೆ ಹೋಗುತ್ತದೆ ಎನ್ನುವುದು ಅಜ್ಜನ ತಿಥಿಯ ದಿನ ಗೊತ್ತಾಯಿತು. ಊಟ ಮುಗಿಸಿ ಭಟ್ಟರು ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದರು. ಎಂತದೋ ಅದು, ತೋರಿಸು ನೋಡುವ ಎಂದರು. ತೋರಿಸಿದೆ. ಕೊಳವೆಯ ಬಾಯಿ ಯಾವ ಕಡೆಗಿದೆ ಎಂದು ನೋಡಿಕೊಳ್ಳಲಿಲ್ಲ. ಹಳದಿ ಮಂಜಿನಂಥದ್ದು ಬುಸ್ಸೆಂದು ಹೊರಟು ಭಟ್ಟರ ಬಿಳಿ ಪಂಚೆಯ ಮೇಲೆ ಕೂತಿತು. ಅವರು ಬೆರಳಲ್ಲಿ ಒರೆಸಿ, ಮೂಸಿ, ಶಾಂತವಾಗಿ ಕೇಳಿದರು: "ಇದು ಎಂತ ತುಪ್ಪವೋ ತಮಾ?"

ಎಣ್ಣೆ ಸೋಸಲು ಒಂದು ಡಬ್ಬಿ ಕಟ್ಟಿದೆ. ಆಮೇಲೆ ಮಳೆಗಾಲ ಬಂತು. ಕರೆಂಟ್ ಹೋಗುತ್ತದೆ, ಬರುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಒತ್ತಡ ಏರಿದ ಮೇಲೆ ನಿಂತರೆ, ಆ ಒತ್ತಡ ಇಳಿಯುವವರೆಗೆ ಮತ್ತೆ ಹೊರಡುವುದಿಲ್ಲ. ಗೂಂ ಎನ್ನುತ್ತದೆ, ಟಕ್ ಎಂದು ಕಟ್ ಆಗುತ್ತದೆ. ಕರೆಂಟ್ ಬಂದ ತಕ್ಷಣ ಫ್ರಿಜ್ಜು ಹಾಕಬೇಡಿ, ಐದು ನಿಮಿಷ ತಡೆಯಿರಿ ಎಂದು ಹೇಳುವುದು ಇದಕ್ಕೇ. ನಮ್ಮೂರಿನ ಆಷಾಢದಲ್ಲಿ ಕರೆಂಟ್ ಐದು ನಿಮಿಷ ಇದ್ದರೆ ಅದೇ ಹಬ್ಬ. ಕಂಪ್ರೆಸರ್ ಹೊರಡುವ ಹೊತ್ತಿಗೆ ಕರೆಂಟ್ ಹೊರಟು ಹೋಗಿರುತ್ತಿತ್ತು.

ಆಗ ಬ್ಯಾಟರಿಯಿಂದ ನಡೆಯುವ ಪಂಪು ಬೇಕು ಅನ್ನಿಸಿತು. ಭಾವನ ಕಾರಿನ ಡಿಕ್ಕಿಯಲ್ಲಿ ಟೈರಿಗೆ ಗಾಳಿ ಹಾಕುವ ಸಣ್ಣ ಪಂಪು ಇತ್ತು. ನಾಲ್ಕು ದಿನಕ್ಕೆ ಬೇಕು ಎಂದು ಕೇಳುವ ಅಂದುಕೊಂಡಿದ್ದೆ. ಭಾವ ಊಟ ಮಾಡಿ ಮಲಗಿದ್ದ. ಎಬ್ಬಿಸುವುದು ಸರಿಯಲ್ಲ ಅಲ್ವಾ?

ಈ ಪಂಪಿನಲ್ಲಿ ಒಂದು ಜಾಣತನ ಮಾಡಬಹುದು. ಗಾಳಿ ಒಳಗೆ ಬರುವ ದಾರಿ ಮುಚ್ಚಿ, ಹೊರಗೆ ಹೋಗುವ ದಾರಿಯ ವಾಲ್ವು ಕಿತ್ತು ಹಾಕಿದರೆ, ಅದು ಗಾಳಿ ತುಂಬುವುದನ್ನು ಬಿಟ್ಟು ಇದ್ದ ಗಾಳಿಯನ್ನೇ ಹಿಂದೆ ಮುಂದೆ ನೂಕುತ್ತ ಕೂರುತ್ತದೆ. ಕೊಳವೆಯ ಆ ತುದಿಯಲ್ಲಿ ನಮ್ಮ ಹಿಡಿ. ಪಂಪಿನ ಪಿಸ್ಟನ್ ಕುಣಿದಷ್ಟು ಸಲ ಹಿಡಿಯ ಪಿಸ್ಟನ್ನೂ ಕುಣಿಯಬೇಕು. ಕಿತ್ತೆ. ವಾಲ್ವು ತುಂಡಾಗಿಯೇ ಹೊರಗೆ ಬಂತು.

ಹಿಡಿ ಮಾಡಿಸಲು ಶಿರಸಿಯ ಲೇತ್ ಅಂಗಡಿಗೆ ಹೋದೆ. ಹಿತ್ತಾಳೆ ಕೊಳವೆ, ಒಳಗೆ ಉಕ್ಕಿನ ಪಿಸ್ಟನ್. ಸ್ವಲ್ಪ ಬಿಗಿಯಾದರೆ ಅಲುಗುವುದಿಲ್ಲ, ಸಡಿಲಾದರೆ ಗಾಳಿ ಪಕ್ಕದಿಂದ ಜಾರಿ ಹೋಗುತ್ತದೆ. ಲೇತಿನವನು ಟ್ರ್ಯಾಕ್ಟರ್ ಶಾಫ್ಟು ಬದಿಗಿಟ್ಟು, ನನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಂತಕ್ಕೆ?" ಎಂದ. ತಂಬಿಗೆ ಮೇಲೆ ಶ್ರೀ ಬರೆಯಲು ಎಂದೆ. ಪಕ್ಕದಲ್ಲಿ ಗಾಲಿ ಬಿಚ್ಚುತ್ತಿದ್ದ ಹುಡುಗ ಎದ್ದು ಹೊರಗೆ ಹೋಗಿ ನಕ್ಕು ಬಂದ. ಆದರೂ ಕೆಲಸ ಅಚ್ಚುಕಟ್ಟು. ಪಿಸ್ಟನ್ ಹಾಕಿ ಕೊಳವೆಯ ಬಾಯಿ ಬೆರಳಿಂದ ಮುಚ್ಚಿದರೆ ಕೆಳಗೆ ಜಾರದೆ ನಿಲ್ಲುತ್ತಿತ್ತು. ಮುರಿದ ಒಂದು ಟೂಲ್ ಬಿಟ್ಟನ್ನು ಉಳಿ ಮಾಡಿಕೊಳ್ಳಲು ಪುಕ್ಕಟೆ ಕೊಟ್ಟ.

ಮನೆಗೆ ಬಂದು ಜೋಡಿಸಿದೆ. ಪಂಪು ಮೆಣಸಿನ ಗಿರಣಿಯ ಹಾಗೆ ಅರಚಿತು. ಹಿಡಿ ಮಾತ್ರ ತೆಪ್ಪಗೆ ಮಲಗಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ನಾನು ಹಾಕಿದ್ದು ಮೆತ್ತನೆಯ, ಮಾರುದ್ದದ ರಬ್ಬರ್ ಕೊಳವೆ. ಪ್ರತಿ ಏಟಿಗೂ ಅದೇ ಉಬ್ಬಿ ಇಳಿದು ಏಟನ್ನೆಲ್ಲ ನುಂಗಿ ಹಾಕುತ್ತಿತ್ತು. ಗಟ್ಟಿ ಗೋಡೆಯ, ಮೊಳದುದ್ದದ ಸಪೂರ ಕೊಳವೆ ಹಾಕಿದೆ. ಹಿಡಿ ಕೈಯಲ್ಲಿ ದುಂಬಿಯ ಹಾಗೆ ಗುಂಯ್‌ಗುಟ್ಟಿತು. ನಾನು ಕೂಗಿದ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತವು.

ಅದೇ ಸಂಜೆ ಭಾವನ ಫೋನು. ದೇವಿಮನೆ ಘಟ್ಟದ ತಿರುವಿನಲ್ಲಿದ್ದಾನೆ. ಮಳೆ. ಟೈರಿನಲ್ಲಿ ಗಾಳಿ ಇಲ್ಲ, ಡಿಕ್ಕಿಯಲ್ಲಿ ಪಂಪೂ ಇಲ್ಲ. "ನಿಮ್ಮನೇಲಿ ಬಿದ್ದಿದ್ದೇನಾ ನೋಡು" ಎಂದ. ನೋಡಿದೆ. ಬಿದ್ದಿತ್ತು, ವಾಲ್ವು ಇಲ್ಲದೆ. ಸಿಗ್ನಲ್ ಸರಿ ಇಲ್ಲ ಮಾರಾಯಾ ಎಂದು ಫೋನಿಟ್ಟೆ. ಆವತ್ತು ರಾತ್ರಿ ಕರೆಂಟ್ ಹೋಯಿತು. ನನ್ನ ಗುಂಯ್‌ಗುಟ್ಟುವಿಕೆಯಲ್ಲಿ ಇನ್ವರ್ಟರ್ ಬ್ಯಾಟರಿಯೂ ಖಾಲಿ. ಕತ್ತಲಲ್ಲಿ ಹೆಂಡತಿ ಭಾವನ ಪಾಡನ್ನು ಪೂರ್ತಿ ಹೇಳಿದಳು. ಭಾವ ಅಂದರೆ ಅವಳ ಅಣ್ಣ.

ಉಳಿ ಮಸೆಯುವುದೇ ಬೇರೆ ಕಥೆ. ಮುಖ 45 ಡಿಗ್ರಿ ಇರಬೇಕು. ಹಿಮ್ಮಡಿ, ಅಂದರೆ ತುದಿಯ ಅಡಿಭಾಗದ ಓರೆ, 15 ರಿಂದ 20. ತುದಿಯನ್ನು ಉಗುರಿನ ಮೇಲೆ ಇಟ್ಟರೆ ಕಚ್ಚಿಕೊಳ್ಳಬೇಕು. ಜಾರಿದರೆ ಮೊಂಡು. ಆಯಿ ಕತ್ತಿ ಮಸೆಯುವ ಕಲ್ಲಿನ ಮೇಲೆ ಒಂದು ವಾರ ಮಸೆದೆ. ಉಗುರು ಸವೆಯಿತು.

ನಮಗೆ ಗೊತ್ತಿದ್ದ ಒಬ್ಬ ಹಳೇ ಸೊನಗಾರರ, ಅಂದರೆ ಅಕ್ಕಸಾಲಿಗರ, ಹತ್ತಿರ ಹೋದೆ. ಗಾಳಿ ಉಳಿಯನ್ನು ಕೈಯಲ್ಲಿ ಹಿಡಿದು, ಚಂದ ಇದೆ ಎಂದರು. ಆಮೇಲೆ ನಾನು ಬರೆಯಲು ಹೊರಟಿದ್ದು ತಂಬಿಗೆಯ ಮೇಲೆ ಎಂದು ಕೇಳಿ ಕನ್ನಡಕ ತೆಗೆದರು. ಚಪ್ಪಟೆ ತಗಡಿನ ಮೇಲೆ ವರ್ಷ ಕಳೆದವರೂ ಉಬ್ಬು ಪಾತ್ರೆಗೆ ಹೆದರುತ್ತಾರಂತೆ. ಒಳಗೆ ಅರಗು ತುಂಬು, ಇಲ್ಲದಿದ್ದರೆ ನಡುಗುತ್ತದೆ ಎಂದರು. ಗೆರೆ ತಿರುಗಿಸಬೇಕಾದರೆ ಕೈ ತಿರುಗಿಸಬೇಡ, ಪಾತ್ರೆ ತಿರುಗಿಸು ಎಂದೂ ಹೇಳಿದರು. ಮೊದಲನೆಯದನ್ನು ಕೇಳಿದೆ. ಎರಡನೆಯದಕ್ಕೆ ತಲೆ ಆಡಿಸಿದೆ.

ಆಯಿಯ ಹಿತ್ತಾಳೆ ತಂಬಿಗೆಗೆ ಅರಗು ಕರಗಿಸಿ ತುಂಬಿ, ಆರಲು ಜಗಲಿಯ ಮೇಲೆ ಇಟ್ಟಿದ್ದೆ. ಬಿಸಿಲಲ್ಲಿ ಬಂದ ನೆಂಟರೊಬ್ಬರಿಗೆ ಆಯಿ ಕುಡಿಯಲು ಆಸರಿ ಕೊಡಲು ಹೋಗಿ ಅದನ್ನು ಎತ್ತಿದಳಂತೆ. ತಂಬಿಗೆ ಬಗ್ಗಿಸಿದರೂ ಏನೂ ಬೀಳದಿದ್ದಾಗ, ತನ್ನ ಕಣ್ಣಿಗೇ ಏನೋ ಆಗಿದೆ ಎಂದುಕೊಂಡಳಂತೆ.

ಮರುದಿನ ಶುರು ಮಾಡಿದೆ. ಶ್ರೀಯ ಮೊದಲ ಗೆರೆ ಬಂತು. ಹಿತ್ತಾಳೆಯ ಎಳೆಯೊಂದು ಬಂಗಾರದ ಕೂದಲ ಹಾಗೆ ಸುರುಳಿಯಾಗಿ ಎದ್ದಿತು. ಅದನ್ನು ಈಗಲೂ ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮುಂದೆ ತಿರುವು. ಸೊನಗಾರರ ಮಾತು ಮರೆತು ಕೈ ತಿರುಗಿಸಿದೆ. ಹಿಡಿಯ ಹಿಂಭಾಗ ಸ್ವಲ್ಪ ಕೆಳಗೆ ಬಂತು. ಹಾಗಾದರೆ ಉಳಿ ಕಚ್ಚುವುದನ್ನು ಬಿಟ್ಟು ಜಾರುತ್ತದೆ. ಜಾರಿತು. ಶಂಕರಹೊಂಡದಲ್ಲಿ ಹುಟ್ಟಿದ ಅಘನಾಶಿನಿ ಸಮುದ್ರ ಕಾಣುವವರೆಗೆ ನಿಲ್ಲದ ಹಾಗೆ, ಗೀರು ಹೊಟ್ಟೆ ಬಳಸಿ, ಎರಡು ಕಡೆ ಬಳುಕಿ, ತಂಬಿಗೆಯ ಕಂಠಕ್ಕೆ ಹೋಗಿ ಮುಟ್ಟಿತು. ಆಯಿ ಏನೂ ಹೇಳಲಿಲ್ಲ. ಅದು ಅವಳಿಗೆ ತವರಿನಿಂದ ಬಂದ ತಂಬಿಗೆ ಎಂದು ಹೆಂಡತಿ ಹೇಳಿದಳು. ಎರಡು ಸಲ.

ಉಳಿಯನ್ನು ಮೆತ್ತಿಗೆ ಏರಿಸಿದೆ, ಫ್ರಿಜ್ಜಿನ ಪಕ್ಕ.

ಮೊನ್ನೆ ಕೇರಿಯಲ್ಲಿ ಉಪನಯನ. ಎಲ್ಲರ ಮನೆಯ ಪಾತ್ರೆಯೂ ಅಲ್ಲಿಗೆ ಹೋಗಿತ್ತು. ಮುಗಿದ ಮೇಲೆ ಅಂಗಳದಲ್ಲಿ ರಾಶಿ ಹಾಕಿ ಹಂಚಲು ಕೂತರು. ನಮ್ಮ ಕೇರಿಯಲ್ಲಿ ಹನ್ನೊಂದು ಮನೆ, ಹನ್ನೊಂದೂ ಹೆಗಡೆಯವರದು. ಅದರಲ್ಲಿ ಗ. ರಾ. ಹೆಗಡೆ ಮೂವರು. ಪ್ರತಿ ಪಾತ್ರೆಗೂ ಪಂಚಾಯ್ತಿ. ಮಧ್ಯಾಹ್ನ ಮೂರಾದರೂ ಮುಗಿಯಲಿಲ್ಲ. ಹಗಡೆ ಎಂದು ಬರೆದ ಪಾತ್ರೆ, ಗೀರು ಬಿದ್ದ ತಂಬಿಗೆ, ಇವೆರಡು ಮಾತ್ರ ಮೊದಲೇ ನಮ್ಮ ಮನೆಗೆ ಬಂದು ಬಿಟ್ಟಿದ್ದವು. ಕೇಳುವುದೇ ಬೇಡ, ಇದು ಅವರದ್ದೇ ಎಂದು ಯಾರೋ ಮಕ್ಕಳ ಕೈಲಿ ಕಳಿಸಿದ್ದರಂತೆ.

ಸಂಜೆ ಆಯಿ ಒಳಗಿನಿಂದ ಏಳು ಪಾತ್ರೆ ತಂದು ನನ್ನ ಮುಂದೆ ಸಾಲಾಗಿ ಇಟ್ಟಳು.

"ತಮಾ, ಎಲ್ಲದಕ್ಕೂ ಇದೇ ನಮನಿ ಗೀರು ಹಾಕಿಕೊಡು."

ಮೆತ್ತಿನಿಂದ ಉಳಿ ಇಳಿಸಿದೆ. ಮೂರು ದಿನದಿಂದ ಒಂದು ಹಳೇ ತಗಡಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಹೊಟ್ಟೆ ಬಳಸುವವರೆಗೆ ಬರುತ್ತಿದೆ. ಆ ಎರಡನೇ ಬಳುಕು ಏನು ಮಾಡಿದರೂ ಬರುತ್ತಿಲ್ಲ.