ಒತ್ತಡ ಸರಿಯಿದ್ದ ಮಾತ್ರಕ್ಕೆ ಸಾಲದು

ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತದೊತ್ತಡ ಹತೋಟಿಯಲ್ಲಿದ್ದರೆ ಅಂಗಾಂಗಗಳೆಲ್ಲ ಸುರಕ್ಷಿತ ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾನೇ ಮಾಡುವ ಹೃದಯ-ಶ್ವಾಸಕೋಶ ಯಂತ್ರವನ್ನು ಹಲವು ವರ್ಷ ನಡೆಸಿದವಳಾಗಿ ಈ ಮಾತನ್ನು ನಾನು ಒಪ್ಪಲಾರೆ. ಪರದೆಯ ಮೇಲೆ ಸರಾಸರಿ ಒತ್ತಡ 65 ಇರುತ್ತದೆ, ಪಂಪಿನ ಹರಿವೂ ಲೆಕ್ಕದಂತೆಯೇ ಇರುತ್ತದೆ. ಆದರೂ ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ಹೆಚ್ಚುವ ಲ್ಯಾಕ್ಟೇಟ್ ರಕ್ತದ ಮಾದರಿಯಲ್ಲಿ 2ರಿಂದ 4ಕ್ಕೆ ಏರಿದ್ದು ಕಂಡು ಎದೆ ಧಸಕ್ಕೆಂದದ್ದುಂಟು. ಕಾರಣ ಹಲವಿರಬಹುದು, ಆದರೆ ಮುಖ್ಯ ಕಾಲುವೆ ತುಂಬಿ ಹರಿದರೂ ಕೊನೆಯ ಗದ್ದೆಗೆ ನೀರು ಮುಟ್ಟದಿರುವುದು ನಮಗೆ ಹೊಸದೇನಲ್ಲವಲ್ಲ!

ಆ ಕೊನೆಯ ಗದ್ದೆಯನ್ನು, ಅಂದರೆ ದೇಹದ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳನ್ನು, ನೋಡಲು ದಾರಿಯಿದೆ. ನಾಲಿಗೆಯ ಅಡಿಗೆ ಕೈಯಲ್ಲಿ ಹಿಡಿಯುವ ಪುಟ್ಟ ವಿಡಿಯೋ ಸೂಕ್ಷ್ಮದರ್ಶಕ ಇಟ್ಟರೆ, 7-8 ಮೈಕ್ರಾನ್ ಅಗಲದ ಕೆಂಪು ರಕ್ತಕಣಗಳು ಲೋಮನಾಳಗಳಲ್ಲಿ ಒಂದರ ಹಿಂದೊಂದು ಮೈ ಮುದುಡಿಕೊಂಡು ಸಾಗುವುದು ಕಾಣುತ್ತದೆ. ಒಂದು ನಾಳದಲ್ಲಿ ಸರಾಗ ಓಟ, ಪಕ್ಕದ್ದರಲ್ಲಿ ಎಲ್ಲವೂ ಸ್ತಬ್ಧ. ಕೈ ತುಸು ಹೆಚ್ಚು ಒತ್ತಿದರೂ ಹರಿವು ನಿಂತಂತೆ ತೋರುವುದರಿಂದ ಇದಿನ್ನೂ ಬಹುಮಟ್ಟಿಗೆ ಸಂಶೋಧನೆಯಲ್ಲೇ ಉಳಿದಿದೆ. ಆದರೆ ಹಣೆಗೆ ಅಂಟಿಸಿ ಮೆದುಳಿನ ಆಮ್ಲಜನಕದ ಮಟ್ಟ ಅಂದಾಜಿಸುವ ಅವಕೆಂಪು ಸಂವೇದಕ ಹಲವೆಡೆ ಬಳಕೆಗೆ ಬಂದಿದೆ. ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ. ದಯವಿಟ್ಟು ಸೇರಿಸಿ.