ಒಲೆ ಎರಡು, ಪಡಿತರ ಚೀಟಿ ಒಂದು

ಗೃಹಲಕ್ಷ್ಮಿ ಯೋಜನೆಯ ಕುರಿತ ಲೇಖನವೊಂದನ್ನು ಓದಿದೆ. ಯೋಜನೆಯಿಂದ ಯಾವ ಕುಟುಂಬಕ್ಕೆ ಎಷ್ಟು ಅನುಕೂಲವಾಗಿದೆ ಎಂಬುದನ್ನು ಮೈಕ್ರೋಸಿಮ್ಯುಲೇಷನ್ ಮಾದರಿಯು, ಅಂದರೆ ಸಮೀಕ್ಷೆಯಲ್ಲಿನ ಒಂದೊಂದು ಮನೆಗೂ ಯೋಜನೆಯ ನಿಯಮಗಳನ್ನು ಅನ್ವಯಿಸಿ ಲೆಕ್ಕ ಹಾಕುವ ಕಂಪ್ಯೂಟರ್ ವಿಧಾನವು, ‘ನಿಖರವಾಗಿ’ ಹೇಳಬಲ್ಲದೆಂಬ ಅದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ಇಂತಹ ಮಾದರಿ ನಮಗೆ ಬೇಕೇ ಬೇಕು. ಸರಾಸರಿಯ ಲೆಕ್ಕದಲ್ಲಿ ಮರೆಯಾಗುವ ಬಡ ಮನೆಗಳು ಇದರಲ್ಲಿ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ತೊಡಕಿರುವುದು ‘ಕುಟುಂಬ’ ಎಂಬ ಪದದಲ್ಲಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಯೋಜನೆಯ ಪ್ರಕಾರವಾದರೋ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಯೇ ಕುಟುಂಬದ ಗುರುತು. ನಮ್ಮ ಹಳ್ಳಿಯ ಮನೆಯಲ್ಲಿ ಅತ್ತೆಯವರ ಒಲೆ ಹಿತ್ತಿಲ ಕಡೆ, ನಮ್ಮದು ನಡುಮನೆಯ ಪಕ್ಕದಲ್ಲಿ, ಆದರೆ ಚೀಟಿ ಒಂದೇ, ಅದೂ ಅತ್ತೆಯವರ ಹೆಸರಿನಲ್ಲಿ. ಸಮೀಕ್ಷೆಯ ದತ್ತಾಂಶವನ್ನು ಹಾಗೆಯೇ ತುಂಬಿದ ಮಾದರಿ ಎರಡು ಒಲೆಗಳನ್ನು ಎರಡು ಕುಟುಂಬಗಳೆಂದು ಎಣಿಸಿ ನಮ್ಮ ಸೂರಿನಡಿ ತಿಂಗಳಿಗೆ 4,000 ರೂಪಾಯಿ ಬರೆದುಕೊಳ್ಳುತ್ತದೆ, ಬರುವುದು 2,000.

ಮಹಿಳೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಹಣ ಸಿಗದೆಂಬ ನಿಯಮವನ್ನು ಮಾದರಿಯಲ್ಲಿ ಅನ್ವಯಿಸುವುದೂ ಸುಲಭವಲ್ಲ, ಏಕೆಂದರೆ 2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆ ಅಳೆದದ್ದು ವೆಚ್ಚವನ್ನು, ಆದಾಯವನ್ನಲ್ಲ. ಇದೇ ಬಗೆಯದಾದ ಐರೋಪ್ಯ ಒಕ್ಕೂಟದ ಯುರೋಮಾಡ್ ಮಾದರಿಯಲ್ಲಿ ಅರ್ಹರಿದ್ದೂ ಸೌಲಭ್ಯ ಪಡೆಯದವರನ್ನು ಕೆಲವು ದೇಶಗಳ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಫಲಿತಾಂಶವನ್ನು ಸರ್ಕಾರಿ ಅಂಕಿಅಂಶಗಳೊಂದಿಗೆ ತಾಳೆ ನೋಡಿ ಪ್ರಕಟಿಸುತ್ತಾರೆ. ಲೇಖಕರು ತಮ್ಮ ಮಾದರಿ ತೋರಿಸಿದ ಫಲಾನುಭವಿಗಳ ಸಂಖ್ಯೆಯನ್ನು ಇಲಾಖೆಯ ಸಂಖ್ಯೆಯೊಂದಿಗೆ ತಾಳೆ ನೋಡಿದ್ದಾರೆಯೇ? ನೋಡಿದ್ದರೆ ಆ ಕೋಷ್ಟಕವನ್ನೂ ದಯವಿಟ್ಟು ಪ್ರಕಟಿಸಬೇಕು.